ಬಿಸಿಲುಕೋಲಿನ ಸಾಕ್ಷಿ

ಧಾರವಾಡದ ನಮ್ಮ ಹಳೆಯ ಮನೆಯ ಪಡಸಾಲೆಯ ಮೇಲೆ, ಮಂಗಳೂರು ಹೆಂಚುಗಳ ನಡುವೆ, ಒಂದೇ ಒಂದು ಗಾಜಿನ ಹೆಂಚಿತ್ತು. ಬೆಳಿಗ್ಗೆ ಒಂಬತ್ತರ ಸುಮಾರಿಗೆ ಅದರಿಂದ ಒಂದು ಬಿಸಿಲುಕೋಲು ಓರೆಯಾಗಿ ಇಳಿದು ನೆಲದ ಮೇಲೆ ನಿಲ್ಲುತ್ತಿತ್ತು. ಅಜ್ಜಿ ಕಸ ಗುಡಿಸುವ ಹೊತ್ತೂ ಅದೇ. ಕಸಬರಿಗೆ ಒಮ್ಮೆ ಆಡಿದರೆ ಸಾಕು, ಆ ಕೋಲು ಹಾಲು ಸುರಿದಂತೆ ದಟ್ಟವಾಗುತ್ತಿತ್ತು. ಅದರೊಳಗೆ ಸಾವಿರಾರು ಚುಕ್ಕೆಗಳು ಏರುತ್ತ, ಹೊರಳುತ್ತ, ಮಿನುಗುತ್ತ ಇರುತ್ತಿದ್ದವು. ನಾನು ಅವನ್ನು ಮುಷ್ಟಿಯಲ್ಲಿ ಹಿಡಿಯಲು ಹೋಗುತ್ತಿದ್ದೆ. ಅಜ್ಜಿ ಸೆರಗಿನಿಂದ ಮೂಗು ಮುಚ್ಚಿಕೊಂಡು ಕೆಮ್ಮುತ್ತಿದ್ದಳು. ಅವಳು ಕಸವನ್ನು ಮೊರಕ್ಕೆ ತುಂಬಿ ಹೊರಗೆ ಚೆಲ್ಲಿ ಬಂದು, ಕೈಕಾಲು ತೊಳೆದು ಕೂತ ಮೇಲೂ ಆ ಚುಕ್ಕೆಗಳ ಆಟ ನಿಲ್ಲುತ್ತಿರಲಿಲ್ಲ.

ಮನೆ ಸ್ವಚ್ಛವಾಗಿತ್ತೇ? ನೆಲವನ್ನು ಕೇಳಿದರೆ ಹೌದು. ಬಿಸಿಲುಕೋಲನ್ನು ಕೇಳಿದರೆ ಇಲ್ಲ. ಧೂಳಿನ ವಿಷಯದಲ್ಲಿ ನಾವು ಇಷ್ಟು ದಿನ ನೆಲದ ಮಾತನ್ನು ಮಾತ್ರ ಕೇಳುತ್ತ ಬಂದಿದ್ದೇವೆ. ಈ ಅಧ್ಯಾಯದಲ್ಲಿ ಬಿಸಿಲುಕೋಲಿನ ಮಾತನ್ನು ಕೇಳೋಣ.

ಅದು ಬಹಳ ಹಳೆಯ ಸಾಕ್ಷಿ. ಕಿಟಕಿಯಿಂದ ಬಿದ್ದ ಬಿಸಿಲಿನಲ್ಲಿ ಆಡುವ ಕಣಕ್ಕೆ ನಮ್ಮ ಪ್ರಾಚೀನರು 'ತ್ರಸರೇಣು' ಎಂದು ಹೆಸರಿಟ್ಟಿದ್ದರು. ಮನುಸ್ಮೃತಿಯ ಎಂಟನೆಯ ಅಧ್ಯಾಯದಲ್ಲಿ ತೂಕದ ಅಳತೆಗಳ ಪಟ್ಟಿ ಶುರುವಾಗುವುದೇ ಇದರಿಂದ. ಕಣ್ಣಿಗೆ ಕಾಣುವ ವಸ್ತುಗಳಲ್ಲಿ ಇದಕ್ಕಿಂತ ಚಿಕ್ಕದಿಲ್ಲ ಎಂಬುದು ಅವರ ತಿಳಿವಳಿಕೆಯಾಗಿತ್ತು. ಈ ಸಾಕ್ಷಿಯನ್ನು ಪ್ರಯೋಗಾಲಯಕ್ಕೆ ಕರೆತಂದವರು ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನ ಭೌತವಿಜ್ಞಾನಿ ಜಾನ್ ಟಿಂಡಾಲ್. ಅವರು 1870ರಲ್ಲಿ ಧೂಳು ಮತ್ತು ರೋಗದ ಕುರಿತು ಉಪನ್ಯಾಸ ಕೊಟ್ಟರು. ಶುದ್ಧ ಎಂದು ನಾವು ನಂಬಿದ ಗಾಳಿಯಲ್ಲೂ ಕಣಗಳು ತುಂಬಿರುವುದನ್ನು ಪ್ರಖರ ಬೆಳಕಿನ ಕೋಲಿನಿಂದ ಜನರಿಗೆ ತೋರಿಸಿದರು.

ಮುಂದೆ ಅವರು ಕಿಟಕಿಗಳಿದ್ದ ಒಂದು ಪೆಟ್ಟಿಗೆ ಮಾಡಿ ಅದರ ಒಳಮೈಗೆಲ್ಲ ಗ್ಲಿಸರಿನ್ ಸವರಿ ಮುಚ್ಚಿಟ್ಟರು. ಕೆಲವು ದಿನ ಯಾರೂ ಅದನ್ನು ಅಲುಗಿಸಲಿಲ್ಲ. ಒಳಗಿನ ಕಣಗಳು ನಿಧಾನವಾಗಿ ಇಳಿದು ಅಂಟಿನಲ್ಲಿ ಸಿಕ್ಕಿಕೊಂಡವು. ಆಮೇಲೆ ಪೆಟ್ಟಿಗೆಯೊಳಗೆ ಬೆಳಕಿನ ಕೋಲನ್ನು ಹಾಯಿಸಿದರೆ ಅದು ಕಾಣಲೇ ಇಲ್ಲ. ಚದುರಿಸುವ ಕಣವೇ ಇಲ್ಲದಿದ್ದರೆ ಬೆಳಕಿನ ದಾರಿ ಕಾಣುವುದಾದರೂ ಹೇಗೆ? ಆ ಗಾಳಿಯಲ್ಲಿಟ್ಟ, ಕುದಿಸಿದ ಸಾರು ತಿಂಗಳುಗಟ್ಟಲೆ ಕೆಡಲಿಲ್ಲ.

ಟಿಂಡಾಲ್ ಧೂಳನ್ನು ಹೊಡೆದೋಡಿಸಲಿಲ್ಲ. ಅದು ಇಳಿಯುವವರೆಗೆ ಕಾದರು, ಇಳಿದದ್ದನ್ನು ಹಿಡಿದಿಟ್ಟರು. ಮನೆಯ ಧೂಳಿನ ಬಗ್ಗೆ ತಿಳಿಯಬೇಕಾದ ಪಾಠ ಇದೇ. ಮುಂದೆ ಹೇಳುವುದೆಲ್ಲ ಇದರ ವಿವರಣೆ.

ಒಂದು ಚಿಟಿಕೆಯಲ್ಲಿ ಏನೇನಿದೆ

ಪುಸ್ತಕದ ಕಪಾಟಿನ ಮೇಲಿಂದ ಒಂದು ಚಿಟಿಕೆ ಧೂಳು ತೆಗೆದು ಭೂತಗನ್ನಡಿಯಲ್ಲಿ ನೋಡಿ. ಬೂದು ಬಣ್ಣದ ಒಂದೇ ಪುಡಿಯೆಂದು ತೋರಿದ್ದು ಒಂದು ಸಂತೆಯಾಗಿ ಬಿಚ್ಚಿಕೊಳ್ಳುತ್ತದೆ. ಬೀದಿಯಿಂದ ಕಾಲಿಗೆ ಅಂಟಿ ಬಂದ ಮಣ್ಣಿದೆ. ಸೀರೆ, ಟವೆಲು, ಕೌದಿ, ಪರದೆಗಳಿಂದ ಉದುರಿದ ನೂಲಿನ ಎಳೆಗಳಿವೆ. ಚರ್ಮದ ಹೊಟ್ಟು, ಕೂದಲು, ಹೂವಿನ ಪರಾಗ, ಬೂಷ್ಟಿನ ಬೀಜಾಣು, ಜಿರಲೆಯ ಮುರಿದ ಕಾಲು, ಊದುಬತ್ತಿಯ ಬೂದಿ, ವಾಹನಗಳ ಮಸಿ, ಟೈರು ಸವೆದ ಪುಡಿ ಎಲ್ಲವೂ ಅಲ್ಲಿವೆ. ಮನೆಯ ಧೂಳೆಂದರೆ ಬಹುಪಾಲು ನಮ್ಮ ಚರ್ಮವೇ ಎಂಬ ಮಾತು ಬಹಳ ಪ್ರಚಾರದಲ್ಲಿದೆ, ಆದರೆ ಅದು ನಿಜವಲ್ಲ. ಚರ್ಮದ್ದು ಒಂದು ಪಾಲು ಮಾತ್ರ. ಹೊರಗಿನ ಮಣ್ಣು ಮತ್ತು ಬಟ್ಟೆಯ ಎಳೆ ದೊಡ್ಡ ಪಾಲುದಾರರು, ಮತ್ತು ಯಾರ ಪಾಲು ಎಷ್ಟು ಎಂಬುದು ಮನೆಯಿಂದ ಮನೆಗೆ ಬದಲಾಗುತ್ತದೆ.

ನಮ್ಮ ನೆಲಕ್ಕೆ ತಕ್ಕ ಧೂಳು ನಮ್ಮದು. ಅದಿರಿನ ಲಾರಿಗಳು ಸಾಲುಗಟ್ಟಿ ಓಡುತ್ತಿದ್ದ ಕಾಲದಲ್ಲಿ ಸಂಡೂರು, ಹೊಸಪೇಟೆಗಳ ದಾರಿ ಬದಿಯ ಮನೆ, ಮರ, ಬೆಳೆಗಳೆಲ್ಲ ಕೆಂಪಾಗಿದ್ದವು. ಬೆಂಗಳೂರಿನಲ್ಲಿ ಅಗೆದ ರಸ್ತೆ ಮತ್ತು ಕಟ್ಟಡದ ಸಿಮೆಂಟು ಮನೆಯೊಳಗೆ ಬರುತ್ತವೆ. 2019ರಲ್ಲಿ ಶುರುವಾದ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮವು ಗಾಳಿಯ ಮಟ್ಟ ಸುಧಾರಿಸಬೇಕಾದ ನಗರಗಳೆಂದು ಕರ್ನಾಟಕದಿಂದ ಬೆಂಗಳೂರು, ಹುಬ್ಬಳ್ಳಿ-ಧಾರವಾಡ, ದಾವಣಗೆರೆ, ಕಲಬುರಗಿಗಳನ್ನು ಗುರುತಿಸಿತು. ಈ ಊರುಗಳ ಗೃಹಿಣಿಯರಿಗೆ ಆ ಪಟ್ಟಿ ಹೊಸ ಸುದ್ದಿಯೇನಲ್ಲ. ದಿನಾ ಬೆಳಿಗ್ಗೆ ಕಿಟಕಿಯ ಸರಳು ಒರೆಸಿದ ಬಟ್ಟೆ ಅದನ್ನೇ ಹೇಳುತ್ತದೆ.

ಇಳಿಯುವುದಕ್ಕೆ ಎಷ್ಟು ಹೊತ್ತು

ಧೂಳಿನ ಕಣವನ್ನು ಅಳೆಯುವುದು ಮೈಕ್ರಾನ್ ಲೆಕ್ಕದಲ್ಲಿ. ಮಿಲಿಮೀಟರಿನ ಸಾವಿರದಲ್ಲಿ ಒಂದು ಭಾಗ ಒಂದು ಮೈಕ್ರಾನ್. ನಮ್ಮ ತಲೆಗೂದಲಿನ ದಪ್ಪ ಸುಮಾರು 50ರಿಂದ 100 ಮೈಕ್ರಾನ್. ಗಾಳಿಯಲ್ಲಿ ಬೀಳುವ ಚಿಕ್ಕ ಕಣದ ವೇಗವನ್ನು ಲೆಕ್ಕ ಹಾಕುವ ಸೂತ್ರವನ್ನು ಜಾರ್ಜ್ ಸ್ಟೋಕ್ಸ್ 1851ರಲ್ಲಿ ಕೊಟ್ಟರು. ಅದರ ತಿರುಳು ಇಷ್ಟು: ಕಣದ ವ್ಯಾಸ ಹತ್ತು ಪಟ್ಟು ಕಡಿಮೆಯಾದರೆ ಅದು ಇಳಿಯುವ ವೇಗ ನೂರು ಪಟ್ಟು ಕಡಿಮೆಯಾಗುತ್ತದೆ.

ಒಬ್ಬರು ನಿಂತಾಗ ಮೂಗಿರುವ ಎತ್ತರ ಸುಮಾರು ಒಂದೂವರೆ ಮೀಟರ್. ನೀರಿನಷ್ಟೇ ಸಾಂದ್ರತೆಯ ಕಣಗಳು ಆ ಎತ್ತರದಿಂದ, ಅಲುಗದ ಗಾಳಿಯಲ್ಲಿ ಇಳಿಯುತ್ತವೆ ಎಂದಿಟ್ಟುಕೊಳ್ಳಿ. 100 ಮೈಕ್ರಾನಿನ ಕಣ ಆರು ಸೆಕೆಂಡಿನಲ್ಲಿ ನೆಲ ಮುಟ್ಟುತ್ತದೆ. 10 ಮೈಕ್ರಾನಿನದಕ್ಕೆ ಎಂಟು ನಿಮಿಷ ಬೇಕು. 1 ಮೈಕ್ರಾನಿನದಕ್ಕೆ ಹನ್ನೆರಡು ಗಂಟೆ! ನಿಜವಾದ ಮನೆಯಲ್ಲಿ ಗಾಳಿ ಅಲುಗದೆ ಇರುವುದೇ ಇಲ್ಲ. ಫ್ಯಾನು ತಿರುಗುತ್ತದೆ, ಬಾಗಿಲು ತೆರೆಯುತ್ತದೆ, ಮಗು ಓಡುತ್ತದೆ. ಹಾಗಾಗಿ ಅತಿ ಸಣ್ಣ ಕಣ ಇಳಿಯುವುದಕ್ಕಿಂತ ತೇಲುವುದೇ ಹೆಚ್ಚು.

ಇನ್ನೊಂದು ಸಂಗತಿಯೂ ಇದೆ. 10 ಮೈಕ್ರಾನಿಗಿಂತ ದಪ್ಪನೆಯ ಕಣಗಳನ್ನು ಮೂಗು, ಗಂಟಲುಗಳೇ ಬಹುಮಟ್ಟಿಗೆ ತಡೆಯುತ್ತವೆ. ಅದಕ್ಕಿಂತ ಸಣ್ಣವು ಶ್ವಾಸನಾಳಗಳಿಗೆ ಇಳಿಯುತ್ತವೆ, 2.5 ಮೈಕ್ರಾನಿಗಿಂತ ಸಣ್ಣವು ಶ್ವಾಸಕೋಶದ ಗಾಳಿಗೂಡುಗಳವರೆಗೂ ಹೋಗಬಲ್ಲವು. ಗಾಳಿಯ ಗುಣಮಟ್ಟದ ವರದಿಗಳಲ್ಲಿ ಕಾಣುವ ಪಿಎಂ 10, ಪಿಎಂ 2.5 ಎಂಬವು ಈ ಅಳತೆಗಳೇ. ಹೆಚ್ಚು ಹೊತ್ತು ತೇಲುವ ಕಣವೇ ಹೆಚ್ಚು ಆಳಕ್ಕೆ ಇಳಿಯುವ ಕಣ. ಕಸಬರಿಗೆಗೆ ಸಿಗುವುದು ದಪ್ಪ ಕಣ, ಎದೆಗೆ ಸಿಗುವುದು ಸಣ್ಣ ಕಣ.

ಅಂಟು ಮತ್ತು ನೀರು

ಜೋರಾಗಿ ತಿರುಗುವ ಫ್ಯಾನಿನ ರೆಕ್ಕೆಯ ಮೇಲೆ ಧೂಳು ಕೂರುವುದು ಹೇಗೆ ಎಂದು ನೀವು ಯೋಚಿಸಿರಬಹುದು. ರೆಕ್ಕೆಗೆ ತೀರ ಹತ್ತಿರದ ಗಾಳಿಯ ಪದರ ರೆಕ್ಕೆಗೇ ಅಂಟಿಕೊಂಡು ಅದರ ಜೊತೆಗೇ ತಿರುಗುತ್ತದೆ. ಜರ್ಮನಿಯ ಲುಡ್ವಿಗ್ ಪ್ರಾಂಟ್ಲ್ 1904ರಲ್ಲಿ ವಿವರಿಸಿದ ಈ ಗಡಿಪದರದೊಳಗೆ ಕೂತ ಕಣಕ್ಕೆ ಹೊರಗಿನ ಬಿರುಗಾಳಿ ತಟ್ಟುವುದಿಲ್ಲ. ಗಾಳಿಯನ್ನು ಸೀಳುವ ಅಂಚಿಗೆ ಕಣಗಳು ನೇರವಾಗಿ ಬಡಿದು ಅಂಟುವುದರಿಂದ ಅಲ್ಲಿ ಧೂಳಿನ ಪಟ್ಟಿ ದಪ್ಪ.

ಹಾಗಾದರೆ ಅಂಟಿಸುವುದು ಯಾವುದು? ಕಣದ ವ್ಯಾಸ ಹತ್ತು ಪಟ್ಟು ಕಡಿಮೆಯಾದರೆ ಅದರ ತೂಕ ಸಾವಿರ ಪಟ್ಟು ಇಳಿಯುತ್ತದೆ. ಆದರೆ ಅಣುಗಳ ನಡುವಿನ ಸೆಳೆತದಿಂದ ಹುಟ್ಟುವ ಅಂಟು ಬಲ ಹತ್ತು ಪಟ್ಟು ಮಾತ್ರ ಇಳಿಯುತ್ತದೆ. ಅಂದರೆ ಕಣ ಸಣ್ಣದಾದಷ್ಟೂ ಅದಕ್ಕೆ ತೂಕಕ್ಕಿಂತ ಅಂಟೇ ದೊಡ್ಡದು. ಒಣ ಬಟ್ಟೆಯಲ್ಲಿ ಝಾಡಿಸಿದರೆ ದಪ್ಪ ಕಣಗಳು ಹಾರಿ ಪಕ್ಕದ ಕಪಾಟಿಗೆ ಹೋಗಿ ಕೂರುತ್ತವೆ, ತೀರ ಸಣ್ಣವು ಇದ್ದಲ್ಲೇ ಉಳಿಯುತ್ತವೆ. ಒಣ ಬಟ್ಟೆಯ ತಿಕ್ಕಾಟದಿಂದ ಮೇಲ್ಮೈಗೆ ವಿದ್ಯುದಾವೇಶ ಬಂದು ಇನ್ನಷ್ಟು ಧೂಳನ್ನು ಅದು ತನ್ನತ್ತ ಎಳೆಯುವುದೂ ಉಂಟು.

ಒದ್ದೆ ಬಟ್ಟೆ ಈ ಲೆಕ್ಕವನ್ನೇ ತಿರುಗಿಸುತ್ತದೆ. ಕಣ ಮತ್ತು ಬಟ್ಟೆಯ ನಡುವೆ ನೀರಿನ ಒಂದು ಸಣ್ಣ ಸೇತುವೆ ಕಟ್ಟಿಕೊಳ್ಳುತ್ತದೆ. ಆ ನೀರಿನ ಮೇಲ್ಮೈ ಎಳೆತ ಕಣವನ್ನು ನೆಲದಿಂದ ಕಿತ್ತು ಬಟ್ಟೆಗೆ ಕಟ್ಟಿಹಾಕುತ್ತದೆ. ಗ್ಲಿಸರಿನ್ ಮಾಡಿದ ಕೆಲಸವನ್ನು ಇಲ್ಲಿ ನೀರು ಮಾಡುತ್ತದೆ. ನಮ್ಮ ಕಡೆ ಅಂಗಳ ಗುಡಿಸುವ ಮುನ್ನ ನೀರು ಚಿಮುಕಿಸುತ್ತಿದ್ದದ್ದು, ಗುಡಿಸಿದ ಮೇಲೆ ಥಳಿ ಹೊಡೆದು ರಂಗೋಲಿ ಇಡುತ್ತಿದ್ದದ್ದು, ಮಣ್ಣಿನ ನೆಲವನ್ನು ಸಗಣಿಯಿಂದ ಸಾರಿಸುತ್ತಿದ್ದದ್ದು ಎಲ್ಲವೂ ಧೂಳನ್ನು ಕಟ್ಟಿಹಾಕುವ ಉಪಾಯಗಳೇ. ಅಂಗಳಕ್ಕೆ ಸಿಕ್ಕ ಆ ನೀರು ಮನೆಯೊಳಗಿನ ಕಸಬರಿಗೆಗೆ ಸಿಗಲಿಲ್ಲ. ಒಳಗೆ ಒಣಗಸವನ್ನು ಒಣಗಿದ್ದಂತೆಯೇ ಗುಡಿಸಿದೆವು.

ಊದುವುದೋ, ಹೀರುವುದೋ

1901ರಲ್ಲಿ ಲಂಡನ್ನಿನ ಎಂಜಿನಿಯರ್ ಹ್ಯೂಬರ್ಟ್ ಸೆಸಿಲ್ ಬೂತ್ ಒಂದು ಯಂತ್ರದ ಪ್ರದರ್ಶನಕ್ಕೆ ಹೋಗಿದ್ದರು. ಗಾಳಿಯನ್ನು ಜೋರಾಗಿ ಊದಿ ಧೂಳೆಬ್ಬಿಸುವ ಯಂತ್ರ ಅದು. ಎದ್ದ ಧೂಳಿನ ಬಹುಪಾಲು ಮತ್ತೆ ಅಲ್ಲೇ ಕೂರುವುದನ್ನು ಬೂತ್ ಗಮನಿಸಿದರು. ಊದುವ ಬದಲು ಹೀರಿದರೆ ಹೇಗೆ ಎಂಬ ಯೋಚನೆ ಅವರ ಬೆನ್ನು ಹತ್ತಿತು. ಒಂದು ಹೋಟೆಲಿನಲ್ಲಿ ಕುರ್ಚಿಯ ಮೆತ್ತೆಯ ಮೇಲೆ ಕರವಸ್ತ್ರ ಹಾಸಿ ಬಾಯಿಯಿಂದಲೇ ಗಾಳಿಯನ್ನು ಎಳೆದು ನೋಡಿದರು. ಕೆಮ್ಮು ಬಂತು, ಆದರೆ ಕರವಸ್ತ್ರದ ಮೇಲೆ ಕಪ್ಪು ಕಲೆಯೂ ಮೂಡಿತು. ಕುದುರೆಗಳು ಎಳೆದು ತರುತ್ತಿದ್ದ ಅವರ ದೊಡ್ಡ ಯಂತ್ರ ಬೀದಿಯಲ್ಲಿ ನಿಂತು, ಉದ್ದದ ಕೊಳವೆಗಳನ್ನು ಕಿಟಕಿಯೊಳಗೆ ಚಾಚಿ ಮನೆಗಳ ಧೂಳನ್ನು ಹೀರತೊಡಗಿತು.

ಕೆಲವೇ ವರ್ಷಗಳ ನಂತರ ಅಮೆರಿಕದ ಒಹಾಯೊದಲ್ಲಿ ಇನ್ನೊಬ್ಬರು ಇದೇ ದಾರಿಗೆ ಬಂದರು. ಅಂಗಡಿಯೊಂದರಲ್ಲಿ ಕಸ ಗುಡಿಸುತ್ತಿದ್ದ ಜೇಮ್ಸ್ ಮರ್ರೆ ಸ್ಪ್ಯಾಂಗ್ಲರ್ ಅವರಿಗೆ ಉಬ್ಬಸವಿತ್ತು. ತಾನು ಎಬ್ಬಿಸಿದ ಧೂಳೇ ತನ್ನ ಉಸಿರು ಕಟ್ಟಿಸುತ್ತಿದೆ ಎಂದು ಅವರಿಗೆ ಅನ್ನಿಸಿತ್ತು. ಫ್ಯಾನಿನ ಮೋಟರು, ಕೋಲು, ದಿಂಬಿನ ಚೀಲ ಜೋಡಿಸಿ ಅವರು ಮಾಡಿದ, ಒಬ್ಬರೇ ದೂಡಬಹುದಾದ ಯಂತ್ರಕ್ಕೆ 1908ರಲ್ಲಿ ಪೇಟೆಂಟ್ ಸಿಕ್ಕಿತು. ಮುಂದೆ ಅದನ್ನು ಹೂವರ್ ಎಂಬ ಉದ್ಯಮಿ ಕೊಂಡರು. ಆ ಯಂತ್ರ ಹುಟ್ಟಿದ್ದು ಕಸ ಗುಡಿಸುವವನೊಬ್ಬನ ಎದೆಯ ಸಂಕಟದಿಂದ. ಇದು ನನ್ನನ್ನು ಮತ್ತೆ ಮತ್ತೆ ಕಾಡುವ ಸಂಗತಿ.

ಹೀರುವ ಯಂತ್ರ ಕೊಳ್ಳುವವರು ಅದರ ಸೋಸುಕವನ್ನು ನೋಡಬೇಕು. ಸಾಧಾರಣ ಬಟ್ಟೆಯ ಚೀಲ ದಪ್ಪ ಧೂಳನ್ನು ಉಳಿಸಿಕೊಂಡು ಸಣ್ಣದನ್ನು ಹಿಂಬದಿಯಿಂದ ಮತ್ತೆ ಕೋಣೆಗೇ ಉಗುಳುತ್ತದೆ. ಹೆಪಾ ಎಂಬ ಸೋಸುಕ 0.3 ಮೈಕ್ರಾನಿನ ಕಣಗಳಲ್ಲಿ ನೂರಕ್ಕೆ 99.97ರಷ್ಟನ್ನು ಹಿಡಿಯಬೇಕು. ಅದೇ ಅಳತೆ ಯಾಕೆ? ಅದಕ್ಕಿಂತ ದಪ್ಪನೆಯವು ಗಾಳಿಯ ತಿರುವಿನಲ್ಲಿ ತಿರುಗಲಾರದೆ ಎಳೆಗಳಿಗೆ ಬಡಿಯುತ್ತವೆ. ಅದಕ್ಕಿಂತ ಸಣ್ಣವು ಗಾಳಿಯ ಅಣುಗಳ ಪೆಟ್ಟಿಗೆ ಅತ್ತಿತ್ತ ತೂರಾಡಿ ಎಳೆಗಳಿಗೆ ಸಿಕ್ಕಿಬೀಳುತ್ತವೆ. ಎರಡಕ್ಕೂ ಸಿಗದೆ ನುಸುಳುವುದು ನಡುವಿನ ಈ ಗಾತ್ರ. ಅದನ್ನೇ ಹಿಡಿದರೆ ಉಳಿದವನ್ನು ಹಿಡಿದಂತೆಯೇ.

ಹಾಸಿಗೆಯೊಳಗಿನ ಒಕ್ಕಲು

1960ರ ದಶಕದಲ್ಲಿ ನೆದರ್‌ಲೆಂಡ್ಸ್‌ನ ಲೈಡನ್ನಿನಲ್ಲಿ ರೈನ್ಡರ್ಟ್ ವೂರ್‌ಹೋರ್ಸ್ಟ್ ಮತ್ತು ಫ್ರಿಟ್ಸ್ ಸ್ಪೀಕ್ಸ್ಮಾ ಅವರ ತಂಡ ಮನೆಯ ಧೂಳಿನ ಅಲರ್ಜಿಗೆ ಮುಖ್ಯ ಕಾರಣವನ್ನು ಪತ್ತೆ ಮಾಡಿತು. ಅದು ಧೂಳಿನ ನುಸಿ: ಎಂಟು ಕಾಲಿನ, ಮಿಲಿಮೀಟರಿನ ಮೂರನೆಯ ಒಂದು ಭಾಗದಷ್ಟೂ ಇಲ್ಲದ ಜೀವಿ. ನಮ್ಮ ಹಾಸಿಗೆ, ದಿಂಬುಗಳಲ್ಲಿ ಬೀಳುವ ಚರ್ಮದ ಹೊಟ್ಟೇ ಅದರ ಆಹಾರ. ಅದು ಕಚ್ಚುವುದಿಲ್ಲ. ತೊಂದರೆ ಇರುವುದು ಅದರ ಹಿಕ್ಕೆಯಲ್ಲಿ. ಸುಮಾರು 20 ಮೈಕ್ರಾನಿನ ಆ ಉಂಡೆಗಳು ದಿಂಬು ಕೊಡವಿದಾಗ ಎದ್ದು, ಕೆಲವು ನಿಮಿಷ ತೇಲಿ, ಮತ್ತೆ ಇಳಿಯುತ್ತವೆ. ಆ ಕೆಲವು ನಿಮಿಷಗಳಲ್ಲಿ ನಮ್ಮ ಮೂಗು ಇರುವುದು ದಿಂಬಿನ ಪಕ್ಕದಲ್ಲೇ.

ಈ ನುಸಿ ನೀರು ಕುಡಿಯುವುದಿಲ್ಲ, ಗಾಳಿಯ ತೇವವನ್ನೇ ಹೀರುತ್ತದೆ. ಗಾಳಿಯ ತೇವಾಂಶ ಬಹಳ ದಿನ ನೂರಕ್ಕೆ 50ಕ್ಕಿಂತ ಕೆಳಗಿದ್ದರೆ ಒಣಗಿ ಸಾಯುತ್ತದೆ. ಹಾಗಾಗಿ ಕಲಬುರಗಿಯ ಬೇಸಿಗೆ ಅದಕ್ಕೆ ಕಷ್ಟ, ಮಂಗಳೂರಿನ ಮಳೆಗಾಲ ಹಬ್ಬ. ಹಾಸಿಗೆಯನ್ನು ಬಿಸಿಲಿಗೆ ಹಾಕುವ ರೂಢಿ ಅದರ ಸಂತತಿಯನ್ನು ತಗ್ಗಿಸುತ್ತದೆ. ಆದರೆ ಸತ್ತ ನುಸಿಯ ಅವಶೇಷಗಳು ಅಲ್ಲೇ ಉಳಿಯುವುದರಿಂದ ಕೌದಿ, ಹಾಸಿಗೆಗಳನ್ನು ಹೊರಗೆ ಬಡಿದು, ಹೊದಿಕೆಗಳನ್ನು ವಾರಕ್ಕೊಮ್ಮೆ 60 ಡಿಗ್ರಿ ಬಿಸಿನೀರಿನಲ್ಲಿ ಒಗೆಯಬೇಕು. ಬಿಸಿಲು ಕೊಲ್ಲುತ್ತದೆ, ನೀರು ಒಯ್ಯುತ್ತದೆ. ಎರಡೂ ಬೇಕು.

ಬೆಂಕಿಯಿಂದ ಹುಟ್ಟುವ ಧೂಳು

ಗುಡಿಸುವಾಗ ಏಳುವುದು ಹೆಚ್ಚಾಗಿ ದಪ್ಪ ಕಣ. ತೀರ ಸಣ್ಣ ಕಣ ಮನೆಯೊಳಗೆ ಹುಟ್ಟುವುದು ಬೆಂಕಿಯಿಂದ. ಸೌದೆ ಒಲೆಯ ಅಡುಗೆಮನೆಯಲ್ಲಿ ಜಂತಿಯಿಂದ ಜೋತುಬೀಳುತ್ತಿದ್ದ ಇಲ್ಲಣ ಅದರ ಗುರುತು. ಹಳೆಯ ಮನೆಗಳಲ್ಲಿ ಎಲ್ಲವೂ ಆರೋಗ್ಯಕರವಾಗಿತ್ತು ಎನ್ನುವವರು ಆ ಇಲ್ಲಣವನ್ನು ನೆನೆಯಬೇಕು. ಅದೇ ಹೊಗೆ ಒಲೆ ಊದುತ್ತಿದ್ದವರ ಎದೆಯಲ್ಲೂ ಕೂತಿತ್ತು. ಒಲೆ ಹೋದರೂ ಸೊಳ್ಳೆಬತ್ತಿ ಉಳಿದಿದೆ. ಒಂದು ಸೊಳ್ಳೆಬತ್ತಿ ಪೂರ್ತಿ ಉರಿದಾಗ ಹೊರಬರುವ ಪಿಎಂ 2.5 ಕಣಗಳು 75ರಿಂದ 137 ಸಿಗರೇಟುಗಳು ಬಿಡುವ ಕಣಗಳಿಗೆ ಸಮ ಎಂದು 2003ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿತು. ಮಲಗುವ ಕೋಣೆಯ ಬಾಗಿಲು ಮುಚ್ಚಿ, ಮಗುವಿನ ತಲೆದೆಸೆಯಲ್ಲಿ ಅದನ್ನು ಹಚ್ಚಿಡಬೇಡಿ. ಸೊಳ್ಳೆಪರದೆ ಹೊಗೆ ಬಿಡುವುದಿಲ್ಲ. ಊದುಬತ್ತಿ ಹಚ್ಚಿದರೆ ಕಿಟಕಿ ತೆರೆದಿರಲಿ. ಒಗ್ಗರಣೆಯ ಹೊಗೆಗೆ ಹೊರದೂಡುವ ಫ್ಯಾನಿರಲಿ. ಈ ಕಣಗಳನ್ನು ಯಾವ ಪೊರಕೆಯೂ ಹಿಡಿಯಲಾರದು, ಹುಟ್ಟದಂತೆ ನೋಡಿಕೊಳ್ಳುವುದೇ ದಾರಿ.

ಹೊಸ್ತಿಲಲ್ಲೇ ನಿಲ್ಲಿಸುವುದು

ಒಳಗೆ ಬಾರದ ಧೂಳನ್ನು ಗುಡಿಸಬೇಕಾಗಿಲ್ಲ. ಚಪ್ಪಲಿಯನ್ನು ಹೊರಗೆ ಬಿಟ್ಟು ಕಾಲು ತೊಳೆದು ಒಳಗೆ ಬರುವ ನಮ್ಮ ಪದ್ಧತಿ ವಿಜ್ಞಾನ ಪೂರ್ತಿಯಾಗಿ ಒಪ್ಪುವ ಪದ್ಧತಿ. ಬಾಗಿಲಿನ ಹೊರಗೆ ಒರಟು ನಾರಿನ ಕಾಲೊರಸು, ಒಳಗೆ ನೀರು ಹೀರುವ ಬಟ್ಟೆಯದು ಇರಲಿ. ಕೊಡವಿ ತೊಳೆಯದ ಕಾಲೊರಸು ಧೂಳಿನ ಉಗ್ರಾಣವಾಗುತ್ತದೆ, ನೆನಪಿರಲಿ. ಬೀದಿಯ ಕಡೆಯ ಕಿಟಕಿಗಳನ್ನು ವಾಹನಗಳ ದಟ್ಟಣೆಯ ಹೊತ್ತಿನಲ್ಲಿ ಮುಚ್ಚಿ, ಉಳಿದ ಹೊತ್ತು ತೆರೆಯಿರಿ.

ಈ ಎಚ್ಚರ ಬರೀ ಅಚ್ಚುಕಟ್ಟಿಗಾಗಿ ಅಲ್ಲ. ಅಂಬೆಗಾಲಿಡುವ ಮಗು ನೆಲದ ಧೂಳನ್ನು ಕೈಗೆ ಅಂಟಿಸಿಕೊಂಡು ಬಾಯಿಗಿಡುತ್ತದೆ. ಹಳೆಯ ಬಣ್ಣ ಚಕ್ಕೆಯೆದ್ದ ಮನೆಯಲ್ಲಿ ಆ ಧೂಳಿನಲ್ಲಿ ಸೀಸ ಇರಬಹುದು. ಸೀಸ ಬೆಳೆಯುವ ಮೆದುಳಿಗೆ ವಿಷ. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಸಂಸ್ಥೆಯಲ್ಲಿದ್ದ ಜೀವರಸಾಯನ ವಿಜ್ಞಾನಿ ಡಾ. ತುಪ್ಪಿಲ್ ವೆಂಕಟೇಶ್ ಈ ಸೀಸದ ವಿರುದ್ಧ ದೇಶವನ್ನು ಎಚ್ಚರಿಸುವುದರಲ್ಲಿ ಬದುಕು ಸವೆಸಿದವರು. 2000ದಲ್ಲಿ ಪೆಟ್ರೋಲಿನಿಂದ ಸೀಸ ಹೋಯಿತು. ಮನೆಯ ಬಣ್ಣದಲ್ಲಿ ಸೀಸ ಹತ್ತು ಲಕ್ಷಕ್ಕೆ 90 ಭಾಗ ಮೀರಬಾರದೆಂಬ ನಿಯಮ 2017ರ ನವೆಂಬರಿನಿಂದ ಜಾರಿಗೆ ಬಂತು. ಅದಕ್ಕೂ ಹಿಂದೆ ಬಳಿದ ಬಣ್ಣ ಎಷ್ಟೋ ಗೋಡೆ, ಕಿಟಕಿಗಳಲ್ಲಿ ಇನ್ನೂ ಇದೆ. ಅದನ್ನು ಒಣ ಉಪ್ಪುಕಾಗದದಿಂದ ಉಜ್ಜಬೇಡಿ. ನೀರು ಹಾಕಿ ಉಜ್ಜಿ, ಆ ಹೊತ್ತಿಗೆ ಮಕ್ಕಳು, ಬಸುರಿಯರು ಮನೆಯಲ್ಲಿ ಇರದಿರಲಿ.

ಕೆಲಸದ ಕ್ರಮ

ಇಷ್ಟು ತಿಳಿದ ಮೇಲೆ ಕೆಲಸದ ಕ್ರಮ ತಾನಾಗಿಯೇ ಹೊಳೆಯುತ್ತದೆ. ಧೂಳು ಇಳಿಯುವುದು ಮೇಲಿನಿಂದ ಕೆಳಕ್ಕೆ, ನಾವೂ ಹಾಗೆಯೇ ಇಳಿಯಬೇಕು. ಫ್ಯಾನು ನಿಲ್ಲಿಸಿ. ಹಳೆಯ ದಿಂಬಿನ ಚೀಲವನ್ನು ಅದರ ರೆಕ್ಕೆಗೆ ತೊಡಿಸಿ ಒತ್ತಿ ಎಳೆದರೆ ಧೂಳು ಚೀಲದೊಳಗೇ ಉಳಿಯುತ್ತದೆ. ಆಮೇಲೆ ಜೇಡರ ಬಲೆ, ಅಟ್ಟ, ಕಪಾಟು, ಕಿಟಕಿಯ ಸರಳು; ಎಲ್ಲಕ್ಕೂ ಹಿಂಡಿದ ಒದ್ದೆ ಬಟ್ಟೆ. ನೆಲಕ್ಕೆ ಕೊನೆಯ ಸರದಿ. ಗುಡಿಸಲೇಬೇಕಾದರೆ ನೆಲಕ್ಕೆ ಒತ್ತಿ, ನಿಧಾನವಾಗಿ, ಬಾಗಿಲ ಕಡೆಗೆ ಗುಡಿಸಿ. ಹೊಸ ಹುಲ್ಲಿನ ಪೊರಕೆಯನ್ನು ಮೊದಲು ಹೊರಗೆ ಬಡಿದು ಅದರ ಹೂವಿನ ಪುಡಿ ಕಳೆಯಿರಿ. ಗುಡಿಸಿದ ಕೂಡಲೇ ಒರೆಸಲು ಇಳಿಯಬೇಡಿ. 10 ಮೈಕ್ರಾನಿನ ಕಣ ಮೂಗಿನ ಎತ್ತರದಿಂದ ಇಳಿಯಲು ಎಂಟು ನಿಮಿಷವೆಂದು ನೋಡಿದೆವಲ್ಲ, ಕಾಲು ಗಂಟೆ ಬಿಟ್ಟು ಒರೆಸಿ. ಬಕೆಟ್ಟಿನ ನೀರು ಕದಡಿದಾಗ ಬದಲಿಸಿ, ಇಲ್ಲವಾದರೆ ನೆಲ ಒಣಗಿದ ಮೇಲೆ ಅದೇ ಕೆಸರು ಮತ್ತೆ ಧೂಳಾಗುತ್ತದೆ. ಮಳೆಗಾಲದಲ್ಲಿ ಒರೆಸಿದ ನೆಲ ಬೇಗ ಒಣಗುವಂತೆ ಗಾಳಿಯಾಡಲಿ. ತೇವ ನಿಂತರೆ ಬೂಷ್ಟಿಗೆ, ನುಸಿಗೆ ದಾರಿ.

ಇವೆಲ್ಲ ಫಲಿಸಿತೋ ಇಲ್ಲವೋ ಎಂದು ತಿಳಿಯಲು ಯಾವ ಉಪಕರಣವೂ ಬೇಡ. ರಾತ್ರಿ ದೀಪ ಆರಿಸಿ ಮೊಬೈಲಿನ ಟಾರ್ಚನ್ನು ಗೋಡೆಯ ಉದ್ದಕ್ಕೂ ಬಿಡಿ, ಬದಿಯಿಂದ ನೋಡಿ. ದಿಂಬನ್ನು ಒಮ್ಮೆ ತಟ್ಟಿ ಮತ್ತೆ ನೋಡಿ. ಟಿಂಡಾಲರ ಪ್ರಯೋಗ ನಿಮ್ಮ ಕೋಣೆಯಲ್ಲೇ ನಡೆಯುತ್ತದೆ.

ನನ್ನ ಮನಸ್ಸು ಮಾತ್ರ ಧಾರವಾಡದ ಪಡಸಾಲೆಗೇ ಹೋಗುತ್ತದೆ. ಒಣ ಕಸಬರಿಗೆಯಿಂದ ಎದ್ದ ಧೂಳು ಮನೆಯವರಿಗೆಲ್ಲ ಸಮನಾಗಿ ಹಂಚಿಕೆಯಾಗುವುದಿಲ್ಲ. ಅದರ ದಟ್ಟ ಪಾಲು ಬಗ್ಗಿ ಗುಡಿಸುವವರದ್ದು: ಎಷ್ಟೋ ಮನೆಗಳಲ್ಲಿ ಅಜ್ಜಿ, ಅಮ್ಮ, ಪಟ್ಟಣಗಳಲ್ಲಿ ದಿನಕ್ಕೆ ನಾಲ್ಕಾರು ಮನೆ ಗುಡಿಸುವ ಹೆಂಗಸು, ಬೀದಿಯಲ್ಲಿ ಬೆಳಗಿನ ಜಾವದ ಪೌರಕಾರ್ಮಿಕರು. ಅವರ ಕೈಗೆ ಉದ್ದ ಹಿಡಿಯ ಒರಸು, ಮೂಗಿಗೆ ಒಳ್ಳೆಯ ಮಾಸ್ಕ್, ಗುಡಿಸಿ ಒರೆಸುವ ನಡುವೆ ಕಾಲು ಗಂಟೆಯ ಬಿಡುವು ಕೊಡುವುದು ಈ ಅಧ್ಯಾಯದ ಎಲ್ಲ ಲೆಕ್ಕಗಳ ಮೊದಲ ಉಪಯೋಗವಾಗಬೇಕು. ಅಜ್ಜಿಯ ಸೆರಗು 1 ಮೈಕ್ರಾನಿನ ಕಣವನ್ನು ತಡೆಯಲಾರದು ಎಂದು ನನಗೆ ಆಗ ಗೊತ್ತಿರಲಿಲ್ಲ. ಗೊತ್ತಿದ್ದರೆ ಬಿಸಿಲುಕೋಲಿಗೆ ಕೈ ಚಾಚುವ ಬದಲು ಒಂದು ತಂಬಿಗೆ ನೀರು ತಂದು ಅವಳ ಕಸಬರಿಗೆಯ ಮುಂದೆ ಚಿಮುಕಿಸುತ್ತಿದ್ದೆ.